ಫ್ಲಶ್ ಟ್ಯಾಂಕಿಗೆ 40 ರೂಪಾಯಿ ವಾಷರ್ ಸಾಕಿತ್ತು: ಸಂತೇಪೇಟೆಯ ಸ್ಯಾನಿಟರಿ ಅಂಗಡಿ ಬಗ್ಗೆ

ಕಮೋಡಿನೊಳಗೆ ನೀರು ಸಣ್ಣಗೆ ಇಳಿಯುತ್ತಲೇ ಇದೆ, ಟ್ಯಾಂಕ್ ತುಂಬುವ ಸದ್ದು ನಿಲ್ಲುವುದೇ ಇಲ್ಲ ಅನ್ನುವವರು ಹೊಸ ಟ್ಯಾಂಕ್ ಕೊಳ್ಳುವ ಮೊದಲು ಮೈಸೂರಿನ ಸಂತೇಪೇಟೆಯ ಈ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ನೋಡಲು ಏನೂ ಇಲ್ಲ. ಮುಂದೆ ಪಿವಿಸಿ ಪೈಪುಗಳ ಕಟ್ಟು, ಒಳಗೆ ಹಗಲಲ್ಲೂ ಟ್ಯೂಬ್‌ಲೈಟು, ಗೋಡೆ ತುಂಬ ಹಳೆಯ ಬಿಸ್ಕತ್ ಡಬ್ಬಿಗಳು. ಕೆಲಸಕ್ಕೆ ಬರುವುದು ಆ ಡಬ್ಬಿಗಳೇ. ಬೇರೆ ಕಡೆ ಸೆಟ್ ಅಂತಲೇ ಮಾರುವ ಸಾಮಾನನ್ನು ಇಲ್ಲಿ ಬಿಡಿಯಾಗಿ ಕೊಡುತ್ತಾರೆ. ಒಂದು ವಾಷರ್ ಕೇಳಿದರೆ ಒಂದೇ ವಾಷರ್ ಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ.

ನಮ್ಮ ಮನೆ ಕುವೆಂಪುನಗರದಲ್ಲಿ. ಮೇಲಿನ ಮಹಡಿಯಲ್ಲಿ ನಾವು, ಕೆಳಗೆ ಅತ್ತೆ ಮಾವ. ಮೇಲಿನ ಟಾಯ್ಲೆಟ್‌ನಲ್ಲಿ ಎರಡು ಬಟನ್ ಇರುವ ಕಮೋಡು, ಚಿಕ್ಕ ಬಟನ್‌ಗೆ ಸುಮಾರು 3 ಲೀಟರ್, ದೊಡ್ಡದಕ್ಕೆ 6 ಲೀಟರ್ ಹೋಗುವಂಥದ್ದು. ಯಾರೂ ಒಳಗೆ ಹೋಗದಿದ್ದರೂ ಆಗಾಗ ಸುಯ್ ಅಂತ ಟ್ಯಾಂಕ್ ತಾನೇ ತುಂಬಿಕೊಳ್ಳುವುದಕ್ಕೆ ಶುರುವಾಯಿತು. ಅತ್ತೆ ಕೆಳಗಿನಿಂದಲೇ "ಇಷ್ಟು ಹೊತ್ತಲ್ಲಿ ಯಾರೇ ಅದು ಎದ್ದಿರೋದು?" ಅಂತ ಕೇಳುತ್ತಿದ್ದರು. ಎಲ್ಲರೂ ಮಲಗಿರುತ್ತಿದ್ದೆವು. ಬಗ್ಗಿ ನೋಡಿದರೆ ಕಮೋಡಿನೊಳಗೆ ಹಿಂಭಾಗದ ಗೋಡೆಯ ಮೇಲೆ ನೀರಿನ ಒಂದು ತೆಳು ಪೊರೆ ಇಳಿಯುತ್ತಿತ್ತು, ಬೆಳಕು ಸರಿಯಾಗಿ ಬೀಳದಿದ್ದರೆ ಅದು ಕಾಣುವುದೂ ಇಲ್ಲ.

ಇಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿ ಹೋದರೂ ಗಂಟೆಗೆ 12 ಲೀಟರ್ ಆಯಿತು. ದಿನಕ್ಕೆ 288 ಲೀಟರ್. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ ಇದೆ. ಇಬ್ಬರು ನೆಂಟರು ಬಂದು ಖಾಯಂ ಉಳಿದುಕೊಂಡರೂ ಅಷ್ಟು ಖರ್ಚಾಗುವುದಿಲ್ಲ, ಅಲ್ವಾ? ಸಾವಿರ ಲೀಟರಿನ ಸಿಂಟೆಕ್ಸ್ ಮೂರೂವರೆ ದಿನಕ್ಕೆ ಖಾಲಿ. ಹೊಂಗಳ್ಳಿ, ಬೆಳಗೊಳದ ಕಡೆ ಕಾವೇರಿ ನೀರನ್ನು ಎತ್ತಿ, ಶುದ್ಧ ಮಾಡಿ, ಊರೊಳಕ್ಕೆ ತಂದು, ಆಮೇಲೆ ನಾವು ಅದನ್ನು ಸಂಪಿನಿಂದ ನಮ್ಮ ಮೋಟಾರಿನಲ್ಲಿ ಮತ್ತೆ ಮೇಲಕ್ಕೇರಿಸಿ, ಅದಕ್ಕೆ ಚೆಸ್ಕಾಂ ಬಿಲ್ಲು ಕಟ್ಟಿ, ಕೊನೆಗೆ ಕಮೋಡಿನಲ್ಲಿ ಸುಮ್ನೆ ಹರಿಯಬಿಡುವುದು ಅಂದರೆ ಹೊಟ್ಟೆ ಉರಿಯುತ್ತದೆ.

ಕರೆಸಿದ ಪ್ಲಂಬರ್ ಮುಚ್ಚಳ ಎತ್ತಿ ಒಮ್ಮೆ ಇಣುಕಿದರು, ಅಷ್ಟೆ. ಕೈ ಹಾಕಲೇ ಇಲ್ಲ. "ಮೇಡಂ, ಒಳಗಿಂದೆಲ್ಲ ಹೋಗಿದೆ. ಫುಲ್ ಸೆಟ್ ಹಾಕ್ಬೇಕು. ನನ್ನ ಕೇಳಿದ್ರೆ ಟ್ಯಾಂಕೇ ಬದಲಾಯಿಸಿಬಿಡಿ" ಅಂದರು. ಸಾಮಾನು, ಕೂಲಿ ಎಲ್ಲ ಸೇರಿ 3,200 ಹೇಳಿದರು. ಫೋನಿನಲ್ಲಿ ಬುಕ್ ಮಾಡುವ ಸರ್ವಿಸ್‌ನಲ್ಲೂ ವಿಚಾರಿಸಿದೆ. ಬಂದು ನೋಡುವುದಕ್ಕೆ ಒಂದು ಚಾರ್ಜು, ಆಮೇಲೆ ಸಾಮಾನು ಅವರೇ ತರುವುದು, ಅದೂ ಸೆಟ್ಟೇ. ಪ್ಲಂಬರನ್ನು ನಾನು ಪೂರ್ತಿ ಬೈಯುವುದಿಲ್ಲ. ವಾಷರ್ ಒಂದನ್ನೇ ಹಾಕಿ ಹೋದರೆ ಅವರಿಗೆ ಉಳಿಯುವುದು ಏನೂ ಇಲ್ಲ, ನಾಳೆ ಮತ್ತೆ ಸೋರಿದರೆ ಪೆಟ್ರೋಲ್ ಹಾಕಿಕೊಂಡು ಪುಕ್ಕಟೆ ಬರಬೇಕು. ಸೆಟ್ ಹಾಕಿದರೆ ಆ ತಲೆನೋವಿಲ್ಲ. ಆದರೆ ಅವರ ತಲೆನೋವಿಗೆ ನಾನು ಯಾಕೆ ಮೂರು ಸಾವಿರ ಕೊಡಲಿ?

ಈ ಅಂಗಡಿಗೆ ಹೋದದ್ದು ಪಕ್ಕದ ಮನೆಯವರು ಹೇಳಿದ್ದಕ್ಕೆ. ಗಲ್ಲಾದಲ್ಲಿ ವಯಸ್ಸಾದ ಯಜಮಾನರು ಕೂತಿರುತ್ತಾರೆ. ಟ್ಯಾಂಕಿನೊಳಗಿನ ಫೋಟೋ ತೋರಿಸಿ, ಇದರ ಸೆಟ್ ಎಷ್ಟು ಅಂತ ಕೇಳಿದೆ. ಬೆಲೆ ಹೇಳಲಿಲ್ಲ. "ನೀರು ಮೇಲಿಂದ ಹೋಗ್ತಿದೆಯೋ, ಕೆಳಗಿಂದ ಹೋಗ್ತಿದೆಯೋ, ನೋಡಿದ್ದೀರೇನಮ್ಮಾ?" ಅಂದರು. ನೋಡಿರಲಿಲ್ಲ. "ಮನೇಲಿ ಉಜಾಲಾ ಇದೆಯಾ? ಟ್ಯಾಂಕಿಗೆ ನಾಲ್ಕು ತೊಟ್ಟು ಬಿಡಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಏನಾಯ್ತು ಅಂತ ಬಂದು ಹೇಳಿ, ಆಮೇಲೆ ಸಾಮಾನು ಕೊಡ್ತೀನಿ." ಹೀಗೆ ಹೇಳಿ ಏನೂ ಮಾರದೆ ವಾಪಸ್ ಕಳಿಸಿದರು! ಆಗ ಸ್ವಲ್ಪ ಸಿಟ್ಟು ಬಂತು, ಬಿಸಿಲಲ್ಲಿ ಅಷ್ಟು ದೂರ ಬಂದಿದ್ದೆ. ಈಗ ಯೋಚಿಸಿದರೆ, ಇಷ್ಟುದ್ದ ಬರೆಯುತ್ತಿರುವುದೇ ಆ ಒಂದು ಪ್ರಶ್ನೆಗಾಗಿ.

ಅವರು ಕೇಳಿದ್ದರ ಅರ್ಥ ಇಷ್ಟು. ಟ್ಯಾಂಕಿನಲ್ಲಿ ಮುಖ್ಯವಾಗಿ ಎರಡೇ ಸಾಮಾನು ಇರುವುದು. ಒಂದು, ನೀರು ಒಳಗೆ ಬಿಡುವ ಇನ್ಲೆಟ್ ವಾಲ್ವ್. ಅದಕ್ಕೊಂದು ತೇಲುವ ಬುರುಡೆಯೋ ಡಬ್ಬಿಯೋ ಇರುತ್ತದೆ, ನೀರು ಏರಿದ ಹಾಗೆ ಅದೂ ಏರಿ ಬಾಯಿ ಮುಚ್ಚುತ್ತದೆ. ಇನ್ನೊಂದು, ನಡುವೆ ನಿಂತಿರುವ ಫ್ಲಶ್ ವಾಲ್ವ್. ಅದರ ತಳದಲ್ಲಿ ಒಂದು ರಬ್ಬರ್ ವಾಷರ್ ಕೂತು, ಬಟನ್ ಒತ್ತುವ ತನಕ ನೀರನ್ನು ಹಿಡಿದಿರುತ್ತದೆ. ಇನ್ಲೆಟ್ ಸರಿಯಾಗಿ ಮುಚ್ಚದಿದ್ದರೆ ನೀರು ಏರುತ್ತಲೇ ಹೋಗಿ ಓವರ್‌ಫ್ಲೋ ಪೈಪಿನ ಬಾಯಿಂದ ಕಮೋಡಿಗೆ ಬೀಳುತ್ತದೆ. ಯಜಮಾನರ ಭಾಷೆಯಲ್ಲಿ ಇದು ಮೇಲಿನ ಸೋರಿಕೆ. ಇದರಲ್ಲಿ ಸದ್ದು ಒಂದೇ ಸಮ ಇರುತ್ತದೆ. ತಳದ ವಾಷರ್ ಹಾಳಾಗಿದ್ದರೆ ಅದು ಕೆಳಗಿನ ಸೋರಿಕೆ. ಟ್ಯಾಂಕಿನ ನೀರು ನಿಧಾನಕ್ಕೆ ಇಳಿಯುತ್ತದೆ, ಒಂದು ಮಟ್ಟಕ್ಕೆ ಬಂದ ಮೇಲೆ ಇನ್ಲೆಟ್ ತೆರೆದು ಸುಯ್ ಅಂತ ತುಂಬಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ನಮ್ಮ ಅತ್ತೆಗೆ ಕೇಳಿಸುತ್ತಿದ್ದುದು ಇದೇ.

ಉಜಾಲಾ ಬಿಟ್ಟು ಕಾದರೆ ಕಮೋಡಿನ ನೀರು ನೀಲಿಯಾಯಿತು. ಖಚಿತ ಮಾಡಿಕೊಳ್ಳಲು ಇನ್ನೊಂದು ಕೆಲಸವನ್ನೂ ಹೇಳಿದ್ದರು. ಗೋಡೆಯಲ್ಲಿರುವ ಆಂಗಲ್ ಕಾಕ್, ಅಂದರೆ ಟ್ಯಾಂಕಿಗೆ ನೀರು ಬಿಡುವ ನಲ್ಲಿ, ಮುಚ್ಚಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಬಿಡುವುದು. ಗೆರೆಯಿಂದ ನೀರು ಕೆಳಗಿಳಿಯುತ್ತಾ ಹೋದರೆ ತಪ್ಪು ತಳದ ವಾಷರಿನದು. ಓವರ್‌ಫ್ಲೋ ಬಾಯಿಯ ಮಟ್ಟದಲ್ಲೇ ನಿಂತು ಅಲ್ಲಿಂದ ಇಳಿಯದಿದ್ದರೆ ಇನ್ಲೆಟ್ಟಿನದು. ನಮ್ಮದು ಇಳಿಯಿತು. ಟ್ಯಾಂಕಿಗೇನೂ ಆಗಿರಲಿಲ್ಲ, ಇನ್ಲೆಟ್ಟಿಗೂ ಏನೂ ಆಗಿರಲಿಲ್ಲ.

ಬಿಚ್ಚುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಿತ್ತು. ಆಂಗಲ್ ಕಾಕ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಬೇಕು. ಬಟನ್ ಸುತ್ತಲಿನ ರಿಂಗ್ ತಿರುಗಿಸಿದರೆ ಮುಚ್ಚಳ ಬರುತ್ತದೆ. ನಡುವಿನ ಫ್ಲಶ್ ವಾಲ್ವನ್ನು ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಲಾಕ್ ಬಿಟ್ಟು ಇಡಿಯಾಗಿ ಮೇಲೆ ಬರುತ್ತದೆ. ಎಲ್ಲ ಕಂಪನಿಯದೂ ಹೀಗೇ ಅಲ್ಲ, ಆದರೆ ಹೆಚ್ಚಿನವು ಹೀಗೆ. ತಳದ ವಾಷರ್ ಕೈಗೆ ಬಂದಾಗ ಕಾರಣ ಗೊತ್ತಾಯಿತು. ಮುಟ್ಟಿದರೆ ಬೆರಳಿಗೆಲ್ಲ ಕಪ್ಪು ಮಸಿ. ಉಬ್ಬಿ, ಅಂಚು ಅಲೆಅಲೆಯಾಗಿ, ಒಂದು ಉದ್ದಿನ ವಡೆಯನ್ನು ಅಂಗೈಯಲ್ಲಿ ಒತ್ತಿ ಬಿಟ್ಟ ಹಾಗಿತ್ತು. ಅಂಥದ್ದು ನೀರು ಹಿಡಿಯುವುದಾದರೂ ಹೇಗೆ?

ಹಳೆಯ ವಾಷರನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋದೆ. ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಟ್ಯಾಂಕಿಗೆ ಬ್ಲೀಚಿಂಗ್ ಬಿಲ್ಲೆ ಹಾಕ್ತೀರಾ?" ಅಂತ ಕೇಳಿದರು. ಹೌದು, ಮನೆಯಲ್ಲಿ ಅದು ಯಾವಾಗಲೂ ಇರುತ್ತದೆ. ಕ್ಲೋರಿನ್ ಇರುವ ಬಿಲ್ಲೆ ಟ್ಯಾಂಕಿನಲ್ಲೇ ಕರಗುತ್ತಾ ಇದ್ದರೆ ರಬ್ಬರ್ ಬೇಗ ಕೆಡುತ್ತದಂತೆ. ಕಮೋಡಿಗೆ ನೇರ ಹಾಕಿ ತೊಳೆಯಿರಿ, ಟ್ಯಾಂಕಿಗೆ ಬೇಡ ಅಂದರು. ಆಮೇಲೆ ಒಂದು ಡಬ್ಬಿ ಇಳಿಸಿ ಕೌಂಟರಿನ ಮೇಲೆ ಸುರಿದರು. ನಮ್ಮ ವಾಷರಿನ ಮೇಲೆ ಒಂದೊಂದನ್ನೇ ಇಟ್ಟು ನೋಡಿದರು. ಹೊರಗಿನ ಅಳತೆ, ಒಳಗಿನ ತೂತು, ದಪ್ಪ ಮೂರೂ ಹೊಂದಬೇಕು. ಕಪ್ಪು ರಬ್ಬರಿನದು 25 ರೂಪಾಯಿ, ಹಾಲಿನ ಬಣ್ಣದ ಸಿಲಿಕೋನಿನದು 40. ಸಿಲಿಕೋನಿನದೇ ತೆಗೆದುಕೊಂಡೆ, ಒಂದು ಹೆಚ್ಚಿಗೆ ಇರಲಿ ಅಂತ ಎರಡು. ಕಪ್ಪಿನದಕ್ಕೂ ಇದಕ್ಕೂ 15 ರೂಪಾಯಿ ವ್ಯತ್ಯಾಸ, ಅದರಲ್ಲಿ ಉಳಿಸಿ ಮಾಡುವುದೇನು.

ಹಾಕುವಾಗ ಎರಡು ವಿಷಯ ನೆನಪಿಡಿ. ವಾಷರ್ ಕೂರುವ ಜಾಗದಲ್ಲಿ, ಅಂದರೆ ಟ್ಯಾಂಕಿನ ತಳದ ಬಾಯಿಯ ಅಂಚಿನಲ್ಲಿ, ಬಿಳಿ ಉಪ್ಪು ಕಟ್ಟಿರುತ್ತದೆ. ಹೊಸ ವಾಷರ್ ಹಾಕಿದರೂ ಇದು ಉಳಿದರೆ ಸೋರುತ್ತದೆ. ನಿಂಬೆಹೋಳಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಪ್ಪು ಕಾಗದ ಹಾಕಬೇಡಿ, ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಆ ಗೀರಿನಲ್ಲೇ ನೀರು ಹೋಗುತ್ತದೆ. ಎರಡನೆಯದು ಬಟನ್ನಿನ ಕಡ್ಡಿ. ಮುಚ್ಚಳ ಹಾಕಿದಾಗ ಸೋರಿ, ತೆಗೆದಾಗ ನಿಂತರೆ ವಾಷರಿನ ತಪ್ಪಲ್ಲ, ಬಟನ್ ಕೆಳಗಿನ ಕಡ್ಡಿ ಉದ್ದವಾಗಿ ವಾಲ್ವನ್ನು ಸ್ವಲ್ಪ ಎತ್ತಿಯೇ ಹಿಡಿದಿರುತ್ತದೆ. ಅದನ್ನು ತಿರುಗಿಸಿ ಗಿಡ್ಡ ಮಾಡಬಹುದು. ಇದನ್ನೂ ಅಂಗಡಿಯಲ್ಲೇ ಹೇಳಿ ಕಳಿಸಿದ್ದರು, ಹಾಗಾಗಿ ಮನೆಯಲ್ಲಿ ಪೇಚಾಡಲಿಲ್ಲ.

ಹಾಕಿದ ಮೇಲೆ ಮತ್ತೆ ಉಜಾಲಾ ಬಿಟ್ಟು ನೋಡಿದೆ. ಕಮೋಡಿನ ನೀರು ಬೆಳ್ಳಗೇ ಇತ್ತು. ಬೇಸಿಗೆ ಕಳೆದು ಮಳೆಗಾಲ ಬಂದಿದೆ, ಈಗಲೂ ಹಾಗೇ ಇದೆ.

ಕೆಳಗಿನ ಮನೆಯ ಟಾಯ್ಲೆಟ್‌ನದು ಬೇರೆಯೇ ಕಥೆ. ಅದು ಹಿಡಿ ಒತ್ತುವ ಹಳೆಯ ಪ್ಲಾಸ್ಟಿಕ್ ಟ್ಯಾಂಕ್, 10 ಲೀಟರಿನದು. ಸಿಂಟೆಕ್ಸ್ ತೊಳೆಸಿದ ಮೇಲೆ ಅದೂ ನಿಲ್ಲದೆ ಹರಿಯತೊಡಗಿತು. ಆ ಕಾಲದ ಟ್ಯಾಂಕಿನೊಳಗೆ ಸೈಫನ್ ಇರುತ್ತದೆ. ತಳದಲ್ಲಿ ನೀರು ಹಿಡಿಯುವ ವಾಷರೇ ಇಲ್ಲ, ಹಿಡಿ ಒತ್ತಿದಾಗ ನೀರು ಗಂಟೆಯಾಕಾರದ ಡಬ್ಬಿಯಲ್ಲಿ ಮೇಲೇರಿ ಆಚೆ ಇಳಿಯುತ್ತದೆ. ಹಾಗಾಗಿ ಅಂಥದ್ದು ಸುಮ್ಮನೆ ಹರಿಯುತ್ತಿದೆ ಅಂದರೆ ಹೆಚ್ಚಾಗಿ ಬಾಲ್ ಕಾಕ್, ಅಂದರೆ ಕಂಬಿಯ ತುದಿಗೆ ಬುರುಡೆ ಇರುವ ಹಳೆಯ ಇನ್ಲೆಟ್ ವಾಲ್ವ್, ಅದರ ಮೇಲೆಯೇ ಅನುಮಾನ ಪಡಬೇಕು. ಬುರುಡೆಯನ್ನು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದರೂ ನೀರು ನಿಲ್ಲಲಿಲ್ಲ. ನಿಂತಿದ್ದರೆ ಕಂಬಿಯನ್ನು ಸ್ವಲ್ಪ ಬಗ್ಗಿಸಿದ್ದರೆ ಸಾಕಿತ್ತು. ಹೊಸ ಬಾಲ್ ಕಾಕ್ ಕೇಳಲು ಹೋದಾಗ ಯಜಮಾನರು, "ಟ್ಯಾಂಕ್ ತೊಳೆಸಿದ್ರಾ? ಹಾಗಾದ್ರೆ ಮರಳು ಸಿಕ್ಕಿರತ್ತೆ. ಮೊದಲು ಬಿಚ್ಚಿ ತೊಳೆದು ನೋಡಿ" ಅಂತ ಮತ್ತೆ ಬರಿಗೈಯಲ್ಲಿ ಕಳಿಸಿದರು. ಬಿಚ್ಚಿದರೆ ವಾಷರಿಗೂ ಬಾಯಿಗೂ ನಡುವೆ ಸಾಸಿವೆಗಿಂತ ಚಿಕ್ಕ ಕಲ್ಲು. ತೆಗೆದ ಮೇಲೆ ನಿಂತಿತು. ವ್ಯಾಪಾರ ಹೀಗೆ ಮಾಡಿದರೆ ಅಂಗಡಿ ನಡೆಯುವುದು ಹೇಗೆ ಅಂತ ಮಾವ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಆದರೆ ನಮ್ಮ ಬೀದಿಯಲ್ಲಿ ಈಗ ಎಲ್ಲರೂ ಅಲ್ಲಿಗೇ ಹೋಗುತ್ತಾರೆ.

ಅವರು ನಿಜವಾಗಿ ಸಾಮಾನು ಮಾರಿದ್ದು ಮಂಡ್ಯದ ನಮ್ಮ ನಾದಿನಿ ಮನೆಗೆ. ಅಲ್ಲಿ ಬೋರ್‌ವೆಲ್ ನೀರು, ಗಡಸು. ಇನ್ಲೆಟ್ ವಾಲ್ವಿನೊಳಗೆ ಸುಣ್ಣ ಕಟ್ಟಿ ಅದು ಅರ್ಧಕ್ಕೇ ನಿಂತುಬಿಟ್ಟಿತ್ತು. ವಿನೆಗರಿನಲ್ಲಿ ನೆನೆಸಿದರೂ ಜಗ್ಗಲಿಲ್ಲ. ಅದಕ್ಕೆ 380 ರೂಪಾಯಿಯ ಇನ್ಲೆಟ್ ಕೊಟ್ಟರು. ಕಡಿಮೆ ಬೆಲೆಯದೂ ಇತ್ತು, 150ಕ್ಕೆ, ಆದರೆ ಅದರ ಬಾಯಿಯಲ್ಲಿ ಜಾಲರಿ ಇರಲಿಲ್ಲ. ಬೋರ್ ನೀರಿಗೆ ಜಾಲರಿ ಇರುವುದೇ ಬೇಕು, ಮರಳು ಅಲ್ಲೇ ನಿಲ್ಲುತ್ತದೆ, ಆಗಾಗ ತೆಗೆದು ತೊಳೆಯಬಹುದು. ಟ್ಯಾಂಕಿಗೆ ನೀರು ಕೆಳಗಿನಿಂದ ಬರುತ್ತದೋ ಪಕ್ಕದಿಂದಲೋ ನೋಡಿಕೊಂಡು ಹೋಗಿ, ಎರಡಕ್ಕೂ ಬೇರೆ ಬೇರೆ ಇನ್ಲೆಟ್. ಹಾಕುವಾಗ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಪಾನಾ ಹಾಕಿ ತಿರುಗಿಸಿದರೆ ಸೀಳುತ್ತದೆ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ವಾಷರ್ ಇರುವುದರಿಂದ ಅಲ್ಲಿಗೆ ಟೆಫ್ಲಾನ್ ಟೇಪ್ ಬೇಡ. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಒಂದಿಂಚು ಕೆಳಗೆ ನಿಲ್ಲುವ ಹಾಗೆ ಫ್ಲೋಟ್ ಸರಿಮಾಡಿಕೊಳ್ಳಬೇಕು. ನಾದಿನಿ ಗಂಡ ಫೋನಿನಲ್ಲಿ ಕೇಳಿಕೊಂಡೇ ಹಾಕಿದರು.

ಇನ್ನು ಕಿರಿಕಿರಿಗಳು. ಯಜಮಾನರು ಇಲ್ಲದಾಗ ಹೋಗಬೇಡಿ. ಮಧ್ಯಾಹ್ನ ಅವರು ಊಟಕ್ಕೆ ಹೋದರೆ ಕೌಂಟರಿನಲ್ಲಿ ಒಬ್ಬ ಹುಡುಗ ಇರುತ್ತಾನೆ. ಪಾಪ, ಒಳ್ಳೆಯವನೇ, ಆದರೆ ಫೋಟೋ ತೋರಿಸಿದ ಕೂಡಲೇ "ಸೆಟ್ ತಗೊಂಬಿಡಿ ಅಕ್ಕ" ಅನ್ನುತ್ತಾನೆ. ಬಿಲ್ಲು ಕೇಳಿದರೆ ಮಾತ್ರ ಕೊಡುತ್ತಾರೆ. ಕವರ್ ಒಡೆದ ಇನ್ಲೆಟ್ಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ವಾಷರ್ ಮಾತ್ರ ಅಳತೆ ಸರಿಹೋಗದಿದ್ದರೆ ಬದಲಾಯಿಸಿ ಕೊಡುತ್ತಾರೆ. ಗೋಡೆಯೊಳಗೆ ಹುದುಗಿಸಿದ ಟ್ಯಾಂಕ್ ಇರುವವರಿಗೆ ಇಲ್ಲಿ ಪ್ರಯೋಜನವಿಲ್ಲ. ಅದರ ವಾಷರು ಕಂಪನಿಯದೇ ಬೇಕು, ಮುಂದಿನ ಬಟನ್ ಪ್ಲೇಟ್ ತೆಗೆದು ಆ ಕಿಂಡಿಯೊಳಗಿಂದಲೇ ಕೆಲಸ ಮಾಡಬೇಕು, ಅದಕ್ಕೆ ಕಂಪನಿಯ ಸರ್ವಿಸ್‌ನವರೇ ಸರಿ ಅಂತ ಯಜಮಾನರೇ ಹೇಳಿಬಿಟ್ಟರು. ಮನೆಗೆ ಬಂದು ಹಾಕಿಕೊಡುವವರು ಯಾರಾದರೂ ಇದ್ದಾರಾ ಅಂತ ಕೇಳಿದರೆ ಒಬ್ಬರ ನಂಬರ್ ಕೊಡುತ್ತಾರೆ. ಅವರನ್ನು ನಾನು ಕರೆಸಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಪಾರ್ಕಿಂಗಿಗೆ, ಅದು ಅವರ ತಪ್ಪಲ್ಲ ಅಂತ ಗೊತ್ತು. ಕಾರಿನಲ್ಲಂತೂ ಹೋಗಲೇಬೇಡಿ. ಸ್ಕೂಟರ್ ನಿಲ್ಲಿಸುವುದೇ ಕಷ್ಟ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದುಕೊಂಡು ಹೋಗುವುದು ವಾಸಿ, ದಸರಾ ಹತ್ತಿರ ಬಂದರೆ ಅದೂ ಸಾಕುಬೇಕಾಗುತ್ತದೆ. ಹೋಗುವಾಗ ಹಳೆಯ ವಾಷರ್ ತೆಗೆದುಕೊಂಡು ಹೋಗಿ. ಬಿಚ್ಚಲು ಆಗದಿದ್ದರೆ ಟ್ಯಾಂಕಿನ ಒಳಗಿನ ಫೋಟೋ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಜೊತೆಗೆ ಕಂಪನಿ ಹೆಸರು ಕಾಣುವ ಹಾಗೆ ಮುಚ್ಚಳದ್ದೊಂದು ಇರಲಿ. ಉಜಾಲಾ ಬಿಟ್ಟು ನೋಡಿಯೇ ಹೊರಡಿ, ಇಲ್ಲದಿದ್ದರೆ ನಿಮ್ಮನ್ನೂ ವಾಪಸ್ ಕಳಿಸುತ್ತಾರೆ. ಫೋನ್ ಪೇ ನಡೆಯುತ್ತದೆ, ಆದರೆ 40 ರೂಪಾಯಿಗೆ ಚಿಲ್ಲರೆಯೇ ಕೊಡಿ ಅನ್ನುತ್ತಾರೆ. ಭಾನುವಾರ ರಜೆ.